ಖಾಲಿ ಪುಟಕ್ಕೆ ಸಹಿ ಹಾಕದ ದಿನ

2006ರ ಮಾತು. ನಾನು ಕೊಪ್ಪ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಆಯ್ಕೆಯಾಗಿ ವರ್ಷ ಕಳೆದಿತ್ತು. ಆ ಒಂದು ವರ್ಷದಲ್ಲಿ ನಾನು ಕೇಳಿದ್ದು ಒಂದೇ: ನಮ್ಮೂರ ಹಳ್ಳ ದಾಟಲು ಗಟ್ಟಿಯಾದ ಕಾಲುಸಂಕ. ಅಡಿಕೆ ಮರ ಕಡಿದು ಅಡ್ಡ ಹಾಕಿದ ಸಂಕ ಪ್ರತಿ ಮಳೆಗಾಲ ತೇಲಿ ಹೋಗುತ್ತಿತ್ತು. ಆಮೇಲೆ ಮಕ್ಕಳು ತಿಂಗಳುಗಟ್ಟಲೆ ಶಾಲೆಯ ಮುಖ ನೋಡುತ್ತಿರಲಿಲ್ಲ.

ಪ್ರತಿ ಸಭೆಯಲ್ಲೂ ನಾನು ಎದ್ದು ಹೇಳುವುದು, ಅಧ್ಯಕ್ಷರು "ಆಯ್ತಕ್ಕ, ನೋಡುವ" ಎನ್ನುವುದು, ಅಷ್ಟರಲ್ಲಿ ಅವಲಕ್ಕಿ, ಕಾಫಿ ಬರುವುದು. ನಡಾವಳಿ ಪುಸ್ತಕದ ಖಾಲಿ ಪುಟಕ್ಕೆ ಎಲ್ಲರೂ ಸಹಿ ಹಾಕಿ ಬಸ್ಸು ಹಿಡಿಯುತ್ತಿದ್ದೆವು. ಏನಾಯಿತು ಎಂಬುದನ್ನು ಕಾರ್ಯದರ್ಶಿಗಳು ಆಮೇಲೆ ಬರೆದುಕೊಳ್ಳುತ್ತಿದ್ದರು. ಕೆಟ್ಟವರೇನಲ್ಲ, ಅದೇ ರೂಢಿ. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಆ ವರ್ಷ ಮಹಿಳಾ ಸದಸ್ಯರನ್ನು ದೆಹಲಿ ಪ್ರವಾಸಕ್ಕೆ ಕರೆದೊಯ್ದರು. ಸಂಸತ್ತು ನೋಡುವ ಪಾಸೂ ಸಿಕ್ಕಿತು. ಬಾಗಿಲಲ್ಲಿ ಚೀಲ, ಮೊಬೈಲು, ಕೊನೆಗೆ ನನ್ನ ಎಲೆ ಅಡಿಕೆ ಸಂಚಿಯನ್ನೂ ಇಟ್ಟುಕೊಂಡರು. ಒಳಗೆ ಪಿಟಕ್ಕೆನ್ನುವಂತಿಲ್ಲ. ನಾವು ಇಷ್ಟು ಶಿಸ್ತಿನಲ್ಲಿ ಮೇಲಿನ ಗ್ಯಾಲರಿಯಲ್ಲಿ ಕೂತರೆ ಕೆಳಗೆ ಗಲಾಟೆಯೋ ಗಲಾಟೆ! ಹತ್ತಾರು ಜನ ಒಟ್ಟಿಗೆ ಎದ್ದು ಕೂಗುತ್ತಿದ್ದರು. ಇದನ್ನು ನೋಡುವುದಕ್ಕೆ ಇಷ್ಟು ದೂರ ರೈಲಿನಲ್ಲಿ ಬಂದೆನಾ ಎಂದು ಸಿಟ್ಟೇ ಬಂತು.

ಆಗ ಕಣ್ಣಿಗೆ ಬಿದ್ದದ್ದು ಸಭೆಯ ನಡುವಿನ ಮೇಜು. ಅಲ್ಲೊಬ್ಬ ಹೆಂಗಸು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. ಕೆಲವು ನಿಮಿಷಕ್ಕೆ ಇನ್ನೊಬ್ಬರು ಬಂದು ಕೂತು ಬರೆಯತೊಡಗಿದ ಮೇಲಷ್ಟೇ ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಬಂದರು. ಗಲಾಟೆ ತಣ್ಣಗಾಗಿ ಬಹಳ ಜನ ಹೊರಗೆ ಹೋಗಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜ ಎದ್ದು ಹಿಂದಿಯಲ್ಲಿ ಏನೋ ಹೇಳುತ್ತಿದ್ದರು. ಸುತ್ತ ಖಾಲಿ ಬೆಂಚು. ಇದ್ದವರೂ ಹರಟುತ್ತಿದ್ದರು. ಇವರದೂ ನನ್ನದೇ ಗತಿ ಎಂದುಕೊಂಡೆ. ಆದರೆ ಆ ಹೆಂಗಸಿನ ಕೈ ನಿಲ್ಲಲಿಲ್ಲ. ಕೂತಲ್ಲಿಂದಲೇ ಅವರಿಗೆ ಕೈ ಮುಗಿಯಬೇಕೆನಿಸಿತು.

ಹೊರಗೆ ಬಂದ ಮೇಲೆ ನಮ್ಮ ಜೊತೆಗಿದ್ದ ತರಬೇತಿ ಮೇಡಂ ಹತ್ತಿರ ಕೇಳಿದೆ, "ಆ ಅಜ್ಜ ಎಂತ ಹೇಳಿದ್ದು ಮೇಡಂ?"

"ಅವರ ಊರಲ್ಲಿ ರೈಲು ನಿಲ್ಲಿಸಬೇಕಂತೆ."

"ಯಾರೂ ಕೇಳ್ತಾನೇ ಇರ್ಲಿಲ್ಲ. ಮತ್ತೆ ಆ ಹೆಂಗಸು ಎಂತಕ್ಕೆ ಬರ್ಕೊಳ್ಳೋದು?"

"ಯಾರು ಕೇಳಲಿ ಬಿಡಲಿ, ಸಭೇಲಿ ಆಡಿದ ಮಾತೆಲ್ಲ ಬರೀಲೇಬೇಕು, ಅದೇ ಅವರ ಕೆಲಸ. ನಾಳೆ ಯಾರೂ ನಂಗೆ ಗೊತ್ತೇ ಇರ್ಲಿಲ್ಲ ಅನ್ನೋ ಹಾಗಿಲ್ಲ."

ಮುಂದಿನ ಪಂಚಾಯಿತಿ ಸಭೆಯಲ್ಲಿ ಎಂದಿನಂತೆ ಅವಲಕ್ಕಿ ಬಂತು, ಪುಸ್ತಕವೂ ಬಂತು. ನಾನು ಪೆನ್ನು ಮುಟ್ಟಲಿಲ್ಲ.

"ಮೊದ್ಲು ನಾನು ಹೇಳಿದ್ದು ಬರೀರಿ. ಆಮೇಲೆ ಸಹಿ" ಎಂದೆ.

"ಎಂತಕ್ಕ, ದೆಹಲಿ ಗಾಳಿ ಬಡೀತಾ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಕೊಪ್ಪದ ಬಸ್ಸು ಹಾರ್ನ್ ಹೊಡೆದು ಹೊರಟೇ ಹೋಯಿತು. ನಾನು ಏಳಲಿಲ್ಲ.

ಕೊನೆಗೆ ಕಾರ್ಯದರ್ಶಿಗಳೇ, "ಬರೆಯುವ ಮಾರಾಯ್ರೆ, ಅವರು ಹೇಳೋದ್ರಲ್ಲಿ ತಪ್ಪೆಂತ ಇದೆ?" ಎಂದು ಪೆನ್ನು ತೆಗೆದರು. ಹಳ್ಳ ಎಲ್ಲಿದೆ, ಯಾವ ಯಾವ ಮನೆಯ ಮಕ್ಕಳಿಗೆ ಶಾಲೆ ತಪ್ಪುತ್ತದೆ ಎಂಬುದನ್ನೆಲ್ಲ ಬರೆದು ಗಟ್ಟಿಯಾಗಿ ಓದಿದರು. ನನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಕಣ್ಣು ತುಂಬಿ ಬಂತು.

ಸಂಕವಾಗಲು ಮತ್ತೆರಡು ಮಳೆಗಾಲ ಹಿಡಿಯಿತು. ಅಲ್ಲಿಯವರೆಗೆ ಪ್ರತಿ ಸಭೆಯಲ್ಲೂ ಆ ಪುಟ ತೆಗೆಸಿ ಓದಿಸುತ್ತಿದ್ದೆ. ಈಗ ಸಂಕದ ಮೇಲೆ ಬೈಕೂ ಹೋಗುತ್ತದೆ. ದಾಟುವಾಗೆಲ್ಲ ತಲೆ ಎತ್ತದೆ ಬರೆಯುತ್ತಿದ್ದ ಆ ಹೆಂಗಸು ನೆನಪಾಗುತ್ತಾರೆ. ಆ ಅಜ್ಜನ ಊರಲ್ಲಿ ರೈಲು ನಿಲ್ಲುತ್ತದೋ ಇಲ್ಲವೋ, ಯಾರಾದರೂ ಹೇಳಿದರೆ ಕೇಳಬೇಕೆಂದು ಇಂದಿಗೂ ಆಸೆ.