ಹೇಳಿ ಕಿರುಚುವ ಹಂಸಾ

ಕುಮಾರಸ್ವಾಮಿ ಲೇಔಟ್‌ನಲ್ಲಿ ಬಸ್ಸುಗಳ ಸದ್ದು ಇನ್ನೂ ಶುರುವಾಗಿಲ್ಲ. ಮಹಡಿಯ ಒಂದು ಕೋಣೆ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದು ಮಾಡಿದ ಡಬ್ಬಿಂಗ್ ಸ್ಟುಡಿಯೋ. ಐವತ್ತು ದಾಟಿದ ಹಂಸಾ ಹೊಟ್ಟೆಗೆ ಟವೆಲ್ ಬಿಗಿದುಕೊಂಡು, ಮೆಟ್ಟಿಲ ಬಳಿ ಬಂದು ಕೆಳಗಿನ ಮನೆಗೆ ಕೇಳುವಂತೆ ಹೇಳುತ್ತಾರೆ.

"ಸೀತಾಲಕ್ಷ್ಮಮ್ಮ, ಕಿರುಚ್ತೀನಿ. ಗಾಬರಿ ಆಗ್ಬೇಡಿ."

"ಇನ್ನೊಂದು ವಿಷಲ್ ಇದೆ, ತಾಳಮ್ಮ!"

ಕುಕ್ಕರ್ ಸುಮ್ಮನಾಗುತ್ತದೆ. ಹಂಸಾ ಬಾಗಿಲು ಹಾಕಿ ಮೈಕಿನ ಮುಂದೆ ಕೊಲೆಯಾಗುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು ಎದುರಿಗೆ ಕೂತ ನನಗೆ ಬೆವರು. ಅವರು ಟವೆಲ್ ಬಿಚ್ಚಿ ಜೀರಿಗೆ ನೀರು ಕುಡಿಯುತ್ತಾರೆ.

"ಗಂಟಲಿಂದ ಕೂಗಿದ್ರೆ ನಾಳೆ ಮಾತೇ ಬರಲ್ಲ ಸಾರ್. ಹೊಟ್ಟೆಯಿಂದ ಬರ್ಬೇಕು."

ಶ್ರೀನಗರದ ಹಂಸಾ ಹುಡುಗಿಯಾಗಿದ್ದಾಗಿನಿಂದ ಅಗ್ಗದ ಸಿನಿಮಾಗಳ ನಾಯಕಿಯರಿಗೆ ಕಿರುಚಾಟ ಕೊಟ್ಟವರು. ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ ಎಂದು ಪಂಡಿತರು ಕರೆಯುವುದು ಇವನ್ನೇ: ನೋಡುವವನ ಭಯ, ಚಪಲಗಳೇ ಬಂಡವಾಳ. ನಮ್ಮ ಬಾಯಲ್ಲಿ ಮಾರ್ನಿಂಗ್ ಶೋ ಪಿಚ್ಚರ್. ಹಂಸಾ ಇನ್ನೂ ಸಲೀಸಾಗಿ ಹೇಳುತ್ತಾರೆ: "ಒಂದು ಬಂಗಲೆ, ಒಂದು ಹುಡುಗಿ, ಚಿಲಕ ಇಲ್ದಿರೋ ಬಾಗಿಲು. ಕಥೆ ಪೋಸ್ಟರಲ್ಲೇ ಮುಗೀತು."

ಕೂಗಿನ ಕೊನೆಗೆ ಬಿಕ್ಕಿ "ಅಮ್ಮಾ" ಎನ್ನುವುದು ಅವರದೇ ರೂಢಿ. "ಡೈರೆಕ್ಟರ್ ಬೇಡ ಅಂತಿದ್ರು. ಜನಕ್ಕೆ ಪಾಪ ಅನ್ಸಿದ್ರೆ ಮಜಾ ಹೋಗುತ್ತಂತೆ. ನಾನು ಬಿಡ್ತಿರ್ಲಿಲ್ಲ."

ಆ ಸಿನಿಮಾ ಸತ್ತಿತು ಎನ್ನುವವರು ಟೀವಿ ಹಾಕಿ ನೋಡಲಿ. ಕ್ರೈಂ ಕಾರ್ಯಕ್ರಮ, ಯೂಟ್ಯೂಬ್, ರೀಲ್ಸ್: ಅದೇ ಬಾಗಿಲು, ಅದೇ ಹುಡುಗಿ, ಸುತ್ತ ಒಂದು ಕೆಂಪು ವೃತ್ತ. ಆಗಿನದು ಕಟ್ಟುಕತೆಯಾದರೂ ಆಗಿತ್ತು. ಈಗ ನಿಜವಾಗಿ ಉರಿಯುವ ಮನೆಯಲ್ಲೇ ಗಳ ಹಿರಿಯುತ್ತಾರೆ.

ಹೋದ ವರ್ಷ ಸುದ್ದಗುಂಟೆಪಾಳ್ಯದ ವಠಾರವೊಂದರಲ್ಲಿ ಸಿರಿ ಎಂಬ ಹುಡುಗಿಯ ಕೊಲೆಯಾಯಿತು. ಒಂದು ಚಾನೆಲ್ ಅದನ್ನು ನಟರಿಂದ ಮಾಡಿಸಿ ತೋರಿಸಿತು. ಹುರುಳಿಕಾಯಿ ಬಿಡಿಸುತ್ತಿದ್ದ ಹಂಸಾ ಬೆಚ್ಚಿ ತಲೆಯೆತ್ತಿದರು. ಟೀವಿಯಲ್ಲಿ ಕಿರುಚುತ್ತಿದ್ದದ್ದು ಯಾವುದೋ ಹಳೆಯ ಪಿಚ್ಚರಿನಿಂದ ಎತ್ತಿದ ಅವರದೇ ದನಿ, "ಅಮ್ಮಾ" ಸಮೇತ.

ತಡೆಯಲಾರದೆ ಆ ಮನೆ ಹುಡುಕಿಕೊಂಡು ಹೋದರು. ಸಿರಿಯ ತಾಯಿ ಪಾರ್ವತಮ್ಮ ಮೊಬೈಲಿನಲ್ಲಿ ಅದನ್ನೇ ಹಾಕಿ ಕೇಳಿಸಿದರಂತೆ. "ನನ್ ಮಗಳು ಕೊನೇಗೂ ನನ್ನೇ ಕರೆದ್ಲಮ್ಮ. ಇಷ್ಟು ಜೋರಾಗಿ ಕೂಗಿದಾಳೆ, ಈ ವಠಾರದ ಪಾಪಿಗಳು ಕೇಳ್ಲೇ ಇಲ್ಲ ಅಂತಾರೆ." ಆಗಿನಿಂದ ಆಕೆ ಅಕ್ಕಪಕ್ಕದ ಒಬ್ಬರ ಹತ್ತಿರವೂ ಮಾತಾಡುತ್ತಿಲ್ಲ.

ನಿಜ ಹೇಳಿದರೆ ತಾಯಿಗೆ ಮಗಳ ಕೊನೆಯ ಮಾತೂ ಇಲ್ಲ. ಹೇಳದಿದ್ದರೆ ಇಡೀ ವಠಾರಕ್ಕೆ ಶಾಪ. ಹಂಸಾ ಮತ್ತೆ ಮತ್ತೆ ಹೋದರು, ಕಾಫಿ ಕುಡಿದು ಬಂದರು. ಹೋದ ಭಾನುವಾರ ಹೇಳಿಬಿಟ್ಟರು.

ಪಾರ್ವತಮ್ಮ ನಂಬಲಿಲ್ಲ. "ನೀನೇ ಆಗಿದ್ರೆ ಕೂಗು, ನೋಡೋಣ."

"ಕೂಗ್ದೆ ಸಾರ್. ಟವೆಲ್ ಇಲ್ಲ, ಏನಿಲ್ಲ. 'ಅಮ್ಮಾ' ಅಂದಾಗ ಅವರ ಮುಖ ನೋಡಕ್ಕಾಗ್ಲಿಲ್ಲ. ಬಾಗಿಲ ಕಡೆ ತಿರುಗ್ದೆ. ತೆರೆದೇ ಇತ್ತು."

ಹಂಸಾ ಇನ್ನೊಂದು ಗುಟುಕು ಜೀರಿಗೆ ನೀರು ಕುಡಿಯುತ್ತಾರೆ. ಮುಂದೇನಾಯಿತು ಎಂದು ಕೇಳಲು ನನಗೆ ಹೆದರಿಕೆ.

"ಭಾನುವಾರ, ಎಲ್ರೂ ಮನೇಲೇ ಇದ್ರು. ಒಬ್ರೂ ಬರ್ಲಿಲ್ಲ. ಯಾರ ಮನೇಲೋ ಟೀವಿ ಸೌಂಡು ಜಾಸ್ತಿ ಮಾಡಿದ್ರು. ಪಾರ್ವತಮ್ಮ ನನ್ ಕೈ ಹಿಡ್ಕೊಂಡು, 'ದನಿ ನಿಂದೇ ಕಣಮ್ಮ. ಆದ್ರೆ ಇವರು ಅವತ್ತೂ ಇವರೇ' ಅಂದ್ರು."

ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಯಾರ ಮೇಲೆಂದು ಹೇಳಲಿ? ನಾನೂ ಆ ಕಾರ್ಯಕ್ರಮವನ್ನು ಊಟ ಮಾಡುತ್ತ ನೋಡಿದವನೇ.

ಸ್ಟುಡಿಯೋ ನಡೆಸುವ ಶಶಿಧರ್ ಕೋಣೆಯೊಳಗಿನಿಂದ ಕರೆಯುತ್ತಾರೆ: ಯಾವುದೋ ವೆಬ್ ಸರಣಿಗೆ ಇನ್ನೊಂದು ಸಾವು ಬಾಕಿಯಿದೆ. ಟವೆಲ್ ಕೈಗೆತ್ತಿಕೊಂಡ ಹಂಸಾರನ್ನು, ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ.

"ದೊಡ್ಡದೇನಿಲ್ಲ. ಒಂದ್ಸಲ ಕೆಳಗಡೆ ಹೇಳ್ದೇನೇ ಕಿರುಚ್ಬೇಕು ಸಾರ್. ಸೀತಾಲಕ್ಷ್ಮಮ್ಮ ಒಲೆ ಆರಿಸಿ ಓಡಿ ಬರ್ತಾರಾ, ನೋಡ್ಬೇಕು."

ಮೆಟ್ಟಿಲ ತನಕ ಹೋಗುತ್ತಾರೆ. ಅಲ್ಲಿ ನಿಂತು ಟವೆಲ್ ಬಿಗಿಯುತ್ತಾರೆ, ಸಡಿಲಿಸಿ ಮತ್ತೆ ಬಿಗಿಯುತ್ತಾರೆ.

"ಸೀತಾಲಕ್ಷ್ಮಮ್ಮ, ಕಿರುಚ್ತೀನಿ."