ನೀವು ಹೇಳಿದ್ದು ಇದೇನಾ?

ನನ್ನ ಸೋದರತ್ತೆಯನ್ನು ಮನೆಯವರೆಲ್ಲ ಕರೆಯುವುದು ಹಲೋ ಅತ್ತೆ ಎಂದು. ಯಾರ ಜೊತೆ ಏನು ಮಾತಾಡಬೇಕಿದ್ದರೂ ಅವರು ಮೊದಲು ‘ಹಲೋ’ ಎನ್ನುತ್ತಾರೆ. ಪಕ್ಕದಲ್ಲೇ ಕೂತವರನ್ನು ಉಪ್ಪು ಕೇಳುವಾಗಲೂ ಹಲೋ, ಕಿಟಕಿಗೆ ಬಂದ ಬೆಕ್ಕನ್ನು ಓಡಿಸುವಾಗಲೂ ಹಲೋ. ಹುಡುಗಿಯಾಗಿದ್ದಾಗಲೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದವರು. ಬಾಯಿಗೆ ಅಂಟಿದ್ದು ಇನ್ನು ಬಿಡುವುದಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಲೈನ್ ಬಿಜಿ ಇತ್ತು” ಎಂದು ಅವರ ಬಾಯಿ ಮುಚ್ಚಿಸುತ್ತಾರೆ.

ಅವರು ಸೇರಿದ ಕಾಲದಲ್ಲಿ ಒಂದು ಫೋನಿನಿಂದ ಇನ್ನೊಂದಕ್ಕೆ ಮಾತು ತಾನಾಗಿ ಹೋಗುತ್ತಿರಲಿಲ್ಲ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ತೂತುಗಳ ಬೋರ್ಡು, ಅದರ ಮುಂದೆ ಎತ್ತರದ ಸ್ಟೂಲುಗಳ ಮೇಲೆ ಸಾಲಾಗಿ ಕೂತ ಹೆಂಗಸರು. ಪುಟ್ಟ ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ಅವರಿಗೆ ಬೇಕಾದ ನಂಬರ್ ಕೇಳಬೇಕು, ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಹೇಳಬೇಕು, ಅವರು ‘ಹೌದು’ ಎಂದ ಮೇಲೆಯೇ ವೈರನ್ನು ಆ ನಂಬರಿನ ತೂತಿಗೆ ಚುಚ್ಚಬೇಕು. ಆತುರಪಟ್ಟು ಚುಚ್ಚಿದರೆ ಯಾರದೋ ಮನೆಯ ಸಾವಿನ ಸುದ್ದಿ ಇನ್ಯಾರದೋ ಮನೆಗೆ ಹೋಗುತ್ತದೆ ಎಂದು ಮೇಲ್ವಿಚಾರಕಿ ಹೆದರಿಸುತ್ತಿದ್ದಳಂತೆ.

ಆಮೇಲೆ ಯಂತ್ರ ಬಂತು. ಬೋರ್ಡನ್ನು ತುಂಡು ತುಂಡು ಮಾಡಿ ಲಾರಿಗೆ ಹಾಕಿದರು. ಅತ್ತೆಯನ್ನು ದೂರು ಕೇಳುವ ಮೇಜಿಗೆ ಕಳಿಸಿದರು. ಫೋನು ಸತ್ತು ವಾರವಾಯಿತು, ಲೈನು ಗೊರಗೊರ ಅನ್ನುತ್ತಿದೆ, ನೀವೆಲ್ಲ ಏನು ಮಾಡುತ್ತಿದ್ದೀರಿ ಎಂದು ಜನ ಅವರ ಕಿವಿಗೆ ಕೆಂಡ ಸುರಿಯುತ್ತಿದ್ದರು. ಅಲ್ಲೂ ಅತ್ತೆ ಹಳೆಯ ಅಭ್ಯಾಸ ಬಿಡಲಿಲ್ಲ. ಬೈದವರ ಮಾತನ್ನು ಪೂರ್ತಿ ಕೇಳಿ, ಬೈಗುಳ ತೆಗೆದು, ಉಳಿದದ್ದನ್ನು ಅವರಿಗೇ ಒಪ್ಪಿಸಿ, “ನೀವು ಹೇಳಿದ್ದು ಇದೇನಾ?” ಎಂದು ಕೇಳುತ್ತಿದ್ದರು. ಹೌದು ಎನ್ನುವಷ್ಟರಲ್ಲಿ ಅರ್ಧ ಸಿಟ್ಟು ಇಳಿದುಹೋಗಿರುತ್ತಿತ್ತಂತೆ.

ನಿವೃತ್ತಿಯಾದ ಮೇಲೆ ಅವರಿಗೆ ಮಂಡಿಯ ಆಪರೇಷನ್ ಆಯಿತು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವರದು. ಮೆಟ್ಟಿಲು ಇಳಿಯುವ ಹಾಗಿಲ್ಲ. ನೋಡಿಕೊಳ್ಳಲು ಹೋಗಿದ್ದ ನಾನು, ಬೇಸರ ಕಳೆಯಲಿ ಎಂದು ನನ್ನ ಹಳೆಯ ಟ್ಯಾಬ್‌ನಲ್ಲಿ ಒಂದು ಆಟ ಹಾಕಿಕೊಟ್ಟೆ. ಊರಿಂದ ಊರಿಗೆ ರೈಲು ಹಳಿ ಹಾಸುವ ಆಟ. ಎಲ್ಲೆಲ್ಲಿಯದೋ ಅಪರಿಚಿತರು ಒಟ್ಟಿಗೆ ಆಡುತ್ತಾರೆ. ಮಂಡಿ ವಾಸಿಯಾಯಿತು, ಅತ್ತೆ ಮಾತ್ರ ಟ್ಯಾಬ್ ವಾಪಸ್ ಕೊಡಲಿಲ್ಲ.

ಆ ಆಟ ಆಡುವವರಿಗೆಂದೇ ಆನ್‌ಲೈನಿನಲ್ಲಿ ಒಂದು ಹರಟೆಕಟ್ಟೆ ಇತ್ತು. ಹೆಸರಿಗೆ ಹರಟೆ, ನಡೆಯುವುದೆಲ್ಲ ಜಗಳ. ಯಂತ್ರ ಬಿಡಿಸಿದ ಚಿತ್ರವನ್ನು ಆಟದಲ್ಲಿ ಬಳಸಬಹುದೇ, ಒಳಗೇನಿದೆಯೆಂದು ಹೇಳದೆ ಆಟದಲ್ಲಿ ಮಕ್ಕಳಿಗೆ ಬಹುಮಾನದ ಪೆಟ್ಟಿಗೆ ಮಾರುವುದು ಜೂಜೋ ಅಲ್ಲವೋ, ಚಾಲಕನಿಲ್ಲದ ಬಸ್ಸನ್ನು ಶಾಲೆಯ ಬೀದಿಯಲ್ಲಿ ಬಿಡಬೇಕೇ. ಸಾವಿರಾರು ಜನ, ಒಬ್ಬೊಬ್ಬರೂ ಕಾಲು ಕೆರೆದುಕೊಂಡು ಬಂದವರೇ. ಅತ್ತೆ ಕನ್ನಡಕ ಏರಿಸಿಕೊಂಡು ಮಧ್ಯಾಹ್ನವಿಡೀ ಓದಿದರು. ಸಂಜೆ ನಾನು ಕಾಫಿ ತಂದುಕೊಟ್ಟಾಗ ನಗುತ್ತಿದ್ದರು.

“ಏನತ್ತೆ?”

“ಹಲೋ, ನೋಡು ಇಲ್ಲಿ. ಎಲ್ಲಾ ರಾಂಗ್ ನಂಬರ್‌ಗೆ ಮಾತಾಡ್ತಿದಾರೆ. ಇವನು ಹೇಳಿದ್ದಕ್ಕೆ ಅವನು ಉತ್ತರ ಕೊಡ್ತಿಲ್ಲ. ಇವನು ಹೇಳದೇ ಇರೋದಕ್ಕೆ ಕೊಡ್ತಿದಾನೆ.”

ಅವತ್ತೇ ಅವರು ‘ಹಲೋ’ ಎಂಬ ಹೆಸರಿನಲ್ಲಿ ಕಟ್ಟೆಗೆ ಇಳಿದರು. ತಮ್ಮ ಅಭಿಪ್ರಾಯ ಹೇಳುತ್ತಿದ್ದದ್ದು ಅಪರೂಪ. ಇಬ್ಬರು ಕಚ್ಚಾಡುತ್ತಿದ್ದರೆ ನಡುವೆ ಹೋಗಿ, ಒಬ್ಬನ ವಾದವನ್ನು ನಾಲ್ಕು ಸಾಲಿನಲ್ಲಿ ಚೊಕ್ಕವಾಗಿ ಬರೆದು, ‘ನೀವು ಹೇಳಿದ್ದು ಇದೇನಾ?’ ಎಂದು ಕೇಳುತ್ತಿದ್ದರು. ಅವನು ‘ಅಲ್ಲ’ ಎಂದರೆ ತಿದ್ದುತ್ತಿದ್ದರು. ‘ಹೌದು’ ಎಂದ ಮೇಲೆ ಇನ್ನೊಬ್ಬನಿಗೆ, ‘ಈಗ ಇದಕ್ಕೆ ಉತ್ತರ ಕೊಡಿ’ ಎನ್ನುತ್ತಿದ್ದರು. ಮೊದಮೊದಲು ಗೇಲಿ ಮಾಡಿದವರು ಬರಬರುತ್ತ ತಾವಾಗಿಯೇ ಅವರನ್ನು ಕರೆಯತೊಡಗಿದರು. ಹಲೋ ಎಂದರೆ ಯಾರೋ ಕಾನೂನು ಓದುತ್ತಿರುವ ಹುಡುಗ ಎಂದು ಅವರೆಲ್ಲರ ಅಂದಾಜು. ಅತ್ತೆ ಅದನ್ನು ತಿದ್ದಲು ಹೋಗಲಿಲ್ಲ.

ಹೀಗಿರುವಾಗ ಸರ್ಕಾರ ಒಂದು ಕರಡು ಕಾನೂನು ಹೊರಡಿಸಿ, ಜನರ ಅಭಿಪ್ರಾಯ ಕೇಳಿತು. ಹದಿನಾರು ತುಂಬದ ಮಕ್ಕಳು ಆನ್‌ಲೈನ್ ಆಟ ಆಡುವಂತಿದ್ದರೆ ದಿನಕ್ಕೆ ಒಂದು ಗಂಟೆ, ಅದೂ ರಾತ್ರಿ ಎಂಟರೊಳಗೆ. ಆಡುವ ಪ್ರತಿಯೊಬ್ಬರೂ ಕ್ಯಾಮೆರಾಕ್ಕೆ ಮುಖ ತೋರಿಸಿ ವಯಸ್ಸು ಸಾಬೀತು ಮಾಡಬೇಕು. ಕಟ್ಟೆಗೆ ಬೆಂಕಿ ಬಿತ್ತು.

ಬೆಂಕಿಯ ಎರಡು ತುದಿಯಲ್ಲಿ ಇಬ್ಬರಿದ್ದರು. ಒಬ್ಬ ಕಟ್ಟೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಬೀಗ. ಫ್ರಿಜ್ ರಿಪೇರಿ ಮಾಡುವವನು, ಹದಿನಾಲ್ಕರ ಮಗಳ ಅಪ್ಪ, ತಾನು ಆಡದಿದ್ದರೂ ವಾದಕ್ಕೆಂದೇ ಕಟ್ಟೆಗೆ ಬಂದವನು. ಮಗಳು ಆಟಕ್ಕೆ ಅಂಟಿಕೊಂಡು ಊಟ, ಶಾಲೆ ಎಲ್ಲ ಬಿಟ್ಟಿದ್ದಳು. ಇವನು ಸಿಟ್ಟಿನಲ್ಲಿ ಕಂಪ್ಯೂಟರನ್ನೇ ಒಡೆದುಹಾಕಿದ್ದ. ಅಂದಿನಿಂದ ಅವಳು ಇವನ ಹತ್ತಿರ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಇಷ್ಟನ್ನೂ ಅವನೇ ಕಟ್ಟೆಯಲ್ಲಿ ಬರೆದುಕೊಂಡಿದ್ದ. ಇನ್ನೊಬ್ಬಳ ಹೆಸರು ಗೂಬೆ. ಆಟಗಳನ್ನು ತಯಾರಿಸುವ ಕೆಲಸದವಳು. ‘ಚಿಕ್ಕವಳಿದ್ದಾಗ ಆಟ ಇರದಿದ್ದರೆ ನಾನು ಉಳಿಯುತ್ತಲೇ ಇರಲಿಲ್ಲ’ ಎಂದಷ್ಟೇ ಹೇಳಿದ್ದಳು, ಹೆಚ್ಚೇನೂ ಬಿಡಿಸಿ ಹೇಳಿರಲಿಲ್ಲ. ಅವನು ಅವಳನ್ನು ‘ಮಕ್ಕಳನ್ನು ತಿನ್ನುವವಳು’ ಎಂದ. ಅವಳು ಅವನನ್ನು ‘ಜೈಲರ್’ ಎಂದಳು. ಉಳಿದವರು ಎರಡು ಪಾಳಯವಾಗಿ ಹಂಚಿಕೊಂಡು ಬಾಯಿಗೆ ಬಂದದ್ದೆಲ್ಲ ಬರೆದರು. ಕಟ್ಟೆ ನೋಡಿಕೊಳ್ಳುವವರು ಕೈಚೆಲ್ಲಿ, ಈ ಚರ್ಚೆಯನ್ನೇ ಮುಚ್ಚುತ್ತೇವೆ ಎಂದರು.

ಆಗ ಅತ್ತೆ ಬರೆದರು: ‘ಮುಚ್ಚುವ ಮುಂಚೆ ಒಂದು ಕೆಲಸ. ಬೀಗ ಅವರು ಗೂಬೆ ಅವರ ಪರವಾಗಿ ಬರೆಯಲಿ. ಗೂಬೆ ಅವರು ಬೀಗ ಅವರ ಪರವಾಗಿ ಬರೆಯಲಿ. ಇದೇ ನನ್ನ ಮಾತು ಎಂದು ಎದುರಿನವರು ಒಪ್ಪುವವರೆಗೆ ಬಿಡುವ ಹಾಗಿಲ್ಲ. ಅಲ್ಲಿಯವರೆಗೆ ನಾವೆಲ್ಲ ಸುಮ್ಮನಿರೋಣ.’

ಗೂಬೆಗೆ ಹುಮ್ಮಸ್ಸು. ಅವತ್ತೇ ಬರೆದು ಹಾಕಿದಳು. ಬೀಗ ಒಂದೇ ಸಾಲಿನಲ್ಲಿ ತಳ್ಳಿಹಾಕಿದ: ‘ಇದು ನಾನಲ್ಲ, ಯಾರೋ ಪೊಲೀಸಿನವನು.’ ಮತ್ತೆ ಬರೆದಳು. ‘ಇಲ್ಲ. ನನಗೆ ಸಿಟ್ಟು ಅಂತ ಬರೆದಿದ್ದೀರಿ. ನನಗಿರೋದು ಭಯ’ ಎಂದ. ಆಮೇಲೆ ಅವಳು ಎರಡು ದಿನ ತೆಗೆದುಕೊಂಡಳು. ಮೂರನೆಯದು ಹೀಗಿತ್ತು:

‘ಆಟ ಕಂಡರೆ ನನಗೆ ದ್ವೇಷವಿಲ್ಲ. ಊಟಕ್ಕೆ ಕರೆದರೆ ಮಗಳು ಬಾಗಿಲಾಚೆ ಇದ್ದಾಳೆ, ಆದರೂ ಇಲ್ಲ. ಅವಳನ್ನು ಅಲ್ಲೇ ಹಿಡಿದು ಕೂರಿಸುವುದೇ ನೂರಾರು ಜಾಣರ ಕೆಲಸ, ಅದಕ್ಕೇ ಅವರಿಗೆ ಸಂಬಳ. ಈ ಕಡೆ ಇರೋದು ನಾನೊಬ್ಬ, ದಿನವೆಲ್ಲ ದುಡಿದು ಸುಸ್ತಾಗಿ ಬಂದವನು. ನನ್ನ ಪಕ್ಕದಲ್ಲೂ ಯಾರಾದರೂ ನಿಲ್ಲಲಿ ಅಂತ ಕಾನೂನು ಕೇಳುತ್ತಿದ್ದೇನೆ.’

ಬೀಗ ‘ಹೌದು’ ಎಂದಷ್ಟೇ ಬರೆದ. ನಾನು ಮತ್ತೆ ಮೇಲಿನಿಂದ ಓದಿದೆ. ಇದನ್ನು ಬರೆದವಳು ನಿನ್ನೆ ಮೊನ್ನೆಯವರೆಗೆ ಅವನನ್ನು ಜೈಲರ್ ಎನ್ನುತ್ತಿದ್ದವಳೇ!

ಇನ್ನು ಬೀಗನ ಸರದಿ. ಅವನ ಪತ್ತೆಯೇ ಇಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ‘ಬಾಲ ಮುದುರಿಕೊಂಡು ಓಡಿದ’ ಎಂದು ಜನ ಕುಣಿದರು. ನನಗೂ ಹಾಗೇ ಅನ್ನಿಸಿತ್ತು.

“ಅತ್ತೆ, ಅವನು ಬರಲ್ಲ ಬಿಡಿ.”

“ಕಟ್ ಆಗಿಲ್ಲ. ಹೋಲ್ಡ್‌ನಲ್ಲಿದಾನೆ,” ಎಂದರು ಅತ್ತೆ, ಬಟಾಣಿ ಸುಲಿಯುತ್ತ.

“ನಿಮಗೆ ಹೇಗೆ ಗೊತ್ತು?”

“ಕಟ್ ಮಾಡೋನು ಬೈದು ಕಟ್ ಮಾಡ್ತಾನೆ. ಸುಮ್ಮನಾದೋನು ಏನೋ ಹುಡುಕ್ತಿರ್ತಾನೆ.”

ಒಂದು ಭಾನುವಾರ ಮಧ್ಯಾಹ್ನ ಬೀಗನ ಬರಹ ಬಂತು. ಅತ್ತೆ ಓದಿ, ಟ್ಯಾಬನ್ನು ನನ್ನ ಕಡೆ ತಳ್ಳಿದರು.

‘ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿದರೆ ಸಾಕು, ಇವತ್ತು ಮನೆ ಹೇಗಿರುತ್ತೆ ಅಂತ ನನಗೆ ತಿಳಿದುಬಿಡುತ್ತೆ. ಮನೆಯಲ್ಲಿ ಒಂದು ಲೋಟ ಕೈ ಜಾರಿದರೂ ವಾರವೆಲ್ಲ ಅದೇ ಮಾತು. ಆಟದಲ್ಲಿ ನಾನು ನೂರು ಸಲ ಸೋತರೂ ಅದು ಬೈಯಲ್ಲ, ಮೊದಲಿಂದ ಶುರು ಮಾಡು ಅನ್ನುತ್ತೆ. ನಾನು ಜಾಣೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಎಂಟು ಗಂಟೆಗೆ ಅದನ್ನು ಮುಚ್ಚುತ್ತೀರಿ. ಎಂಟು ಗಂಟೆಗೇ ಅಪ್ಪ ಮನೆಗೆ ಬರೋದು. ಮುಖವನ್ನು ಕ್ಯಾಮೆರಾಕ್ಕೆ ತೋರಿಸು ಅನ್ನುತ್ತೀರಿ. ತೋರಿಸುತ್ತೇನೆ. ಆ ಮುಖವನ್ನು ಮನೆಯಲ್ಲಿ ಒಬ್ಬರಾದರೂ ನೋಡಿದ್ದಾರಾ ಅಂತ ಮೊದಲು ಕೇಳಿ.’

ಕೆಳಗೆ ಹೊಲಿಗೆ ಯಂತ್ರಗಳ ಸದ್ದಿಲ್ಲದ ದಿನ. ಸ್ವಲ್ಪ ಹೊತ್ತಾದ ಮೇಲೆ ಗೂಬೆ ಬರೆದಳು:

‘ಹೌದು. ಇದೇ. ನನ್ನ ಮನೆಯ ವಿಷಯ ನಾನು ಇಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯಿತು?’

ಬೀಗನ ಉತ್ತರ ಬಂತು:

‘ನಿಮ್ಮ ಮನೆಯ ವಿಷಯ ನನಗೇನೂ ಗೊತ್ತಿಲ್ಲ. ಎಷ್ಟು ಸಲ ಕೂತರೂ ನಾಲ್ಕು ಸಾಲು ಬರೆಯಲಾಗಲಿಲ್ಲ. ಕೊನೆಗೆ ಮಗಳ ಕೋಣೆಗೆ ಹೋಗಿ ಕೇಳಿದೆ. ನಾನು ಒಬ್ಬರ ಪರವಾಗಿ ಬರೆಯಬೇಕು, ಆ ಆಟದಲ್ಲಿ ಏನಿದೆ ಅಂತ ಹೇಳಿಕೊಡು ಅಂದೆ. ಮೊದಲು ನಂಬಲಿಲ್ಲ. ಆಮೇಲೆ ಹೇಳಿದಳು. ನಾನು ಬರೆದದ್ದೆಲ್ಲ ಅವಳದೇ ಮಾತು. ಆ ಬಾಗಿಲು ನಮ್ಮ ಮನೆಯದು.’

ಇಷ್ಟು ವರ್ಷದಿಂದ ಆನ್‌ಲೈನಿನಲ್ಲಿ ಜನರನ್ನು ನೋಡಿದ್ದೇನೆ. ತನ್ನ ಮೇಲೆ ತಾನೇ ಇಂಥ ಸಾಕ್ಷಿ ನುಡಿದವನನ್ನು ನೋಡಿರಲಿಲ್ಲ. ಅದೂ ಗೆದ್ದೇ ತೀರಬೇಕೆಂದು ಬಂದವನು, ಮುಖ ಕಾಣದ ಸಾವಿರಾರು ಜನರ ನಡುವೆ! ಎಷ್ಟು ಜನ ಆ ಹೊತ್ತಿನಲ್ಲಿ ಕಟ್ಟೆಯಲ್ಲಿದ್ದಾರೆ ಎಂಬುದು ಪರದೆಯ ಮೂಲೆಯಲ್ಲಿ ಕಾಣುತ್ತದೆ. ಅದು ಏರುತ್ತಲೇ ಇತ್ತು. ಆದರೆ ಒಬ್ಬರೂ ಒಂದಕ್ಷರ ಬರೆಯುತ್ತಿರಲಿಲ್ಲ. ನಾನು ಮೆಲ್ಲಗೆ, “ಅತ್ತೆ, ನೀವಾದ್ರೂ ಏನಾದ್ರೂ ಬರೀರಿ” ಎಂದೆ. ಅತ್ತೆ ಬೇಡವೆಂದು ಕೈಯಾಡಿಸಿದರು. ಅವರ ಕನ್ನಡಕ ಮಂಜಾಗಿತ್ತು.

“ಲೈನ್ ಸಿಕ್ಕಿದ ಮೇಲೆ ಆಪರೇಟರ್ ಕೇಳಿಸ್ಕೋಬಾರದು,” ಎಂದು ಎದ್ದು ಅಡುಗೆಮನೆಗೆ ಹೋದರು.

ಆಮೇಲೆ ಏನಾಯಿತು ಎಂದರೆ, ಇಬ್ಬರೂ ಪೂರ್ತಿ ಬದಲಾಗಲಿಲ್ಲ. ಮಕ್ಕಳಿಗೆ ಮಿತಿ ಬೇಕು ಎನ್ನುವುದನ್ನು ಬೀಗ ಇವತ್ತಿಗೂ ಬಿಟ್ಟಿಲ್ಲ. ಮುಖ ತೋರಿಸುವ ನಿಯಮ ತಪ್ಪು ಎನ್ನುವುದನ್ನು ಗೂಬೆಯೂ ಬಿಟ್ಟಿಲ್ಲ. ಅವೆರಡು ಬರಹಗಳನ್ನು ಅಕ್ಕಪಕ್ಕ ಇಟ್ಟು ಕಟ್ಟೆಯವರು ಸರ್ಕಾರಕ್ಕೆ ಕಳಿಸಿದರು. ಕಾನೂನು ಬಂದಾಗ ಮುಖ ತೋರಿಸುವ ನಿಯಮ ಅದರಲ್ಲಿರಲಿಲ್ಲ, ಸಮಯದ ಮಿತಿ ಸ್ವಲ್ಪ ಸಡಿಲವಾಗಿತ್ತು. ನಮ್ಮವರದನ್ನು ಅಲ್ಲಿ ಯಾರಾದರೂ ಓದಿದರೋ, ಹಾಗೇ ಮೂಲೆಗೆ ಹಾಕಿದರೋ, ದೇವರೇ ಬಲ್ಲ. ಗೂಬೆ ತಾನು ಮಾಡುತ್ತಿದ್ದ ಹೊಸ ಆಟದಲ್ಲಿ, ಆಡುವವರು ಸುಸ್ತಾಗುವ ಹೊತ್ತಿಗೆ ‘ಇವತ್ತಿಗೆ ಸಾಕು, ನಿನ್ನ ಜಾಗ ಎಲ್ಲೂ ಹೋಗಲ್ಲ’ ಎನ್ನುವ ಒಂದು ನಿಲ್ದಾಣ ಇಟ್ಟಳು. ಕಚೇರಿಯಲ್ಲಿ ಅದಕ್ಕಾಗಿ ಬೈಸಿಕೊಂಡಳಂತೆ. ಬೀಗ ಇನ್ನೊಂದು ಕಂಪ್ಯೂಟರ್ ತಂದು, ಈಗ ಮಗಳ ಪಕ್ಕ ಕೂತು ಆಡುತ್ತಾನೆ. ಎಷ್ಟು ಕೆಟ್ಟದಾಗಿ ಆಡುತ್ತಾನೆಂದರೆ, ಅವನ ರೈಲು ನೇರ ಕೆರೆಗೇ ಹೋಗುತ್ತದೆಂದು ಮಗಳು ಕಟ್ಟೆಗೆ ಬಂದು ದೂರು ಕೊಟ್ಟಳು.

ಹಲೋ ಎಂಬ ಹುಡುಗನಿಗೆ ಎಲ್ಲೆಡೆ ಹೊಗಳಿಕೆ. ಅದರಿಂದ ಅತ್ತೆಗೆ ಸ್ವಲ್ಪ ಕೊಂಬು ಬಂದಿತ್ತು ಎಂದೇ ಹೇಳಬೇಕು. ಹೋದ ವಾರ ಇಳಿಯಿತು. ಆಂಬುಲೆನ್ಸಿಗೆ, ಅಗ್ನಿಶಾಮಕ ದಳಕ್ಕೆ ಬರುವ ಕರೆಗಳನ್ನು ಇನ್ನು ಯಂತ್ರದ ದನಿಯೇ ಎತ್ತಿ ಮಾತಾಡಲಿ ಎಂದು ಯಾರೋ ಒಬ್ಬ ಎಂಜಿನಿಯರ್ ಕಟ್ಟೆಯಲ್ಲಿ ವಾದ ಹೂಡಿದ. ಅತ್ತೆ ನಖಶಿಖಾಂತ ಉರಿದುಬಿಟ್ಟರು. ಎದುರಿನವನ ಮಾತು ತಿರುಗಿ ಹೇಳುವುದಿರಲಿ, ಪೂರ್ತಿ ಓದಲೂ ಇಲ್ಲ. ‘ನಿಮ್ಮ ತಲೆಯಲ್ಲಿರೋದೂ ಯಂತ್ರವೇ ಇರಬೇಕು’ ಎಂದು ಬರೆದು ಕಳಿಸಿದರು. ಆ ಎಂಜಿನಿಯರ್ ಸಿಟ್ಟಾಗಲಿಲ್ಲ. ‘ಹಲೋ ಅವರೇ, ನನ್ನ ಪರವಾಗಿ ಒಮ್ಮೆ ಬರೆದು ತೋರಿಸುತ್ತೀರಾ?’ ಎಂದು ಕೇಳಿದ. ಕಟ್ಟೆಯವರೆಲ್ಲ ಕಾಯತೊಡಗಿದರು.

ಎರಡು ದಿನ ಅತ್ತೆ ಮುಖ ಊದಿಸಿಕೊಂಡು ಓಡಾಡಿದರು. ಪಾತ್ರೆಗಳನ್ನು ಕುಕ್ಕಿದರು. ನಿನ್ನೆ ನಾನು ಹೋದಾಗ ಕಿಟಕಿಯ ಹತ್ತಿರ ಟ್ಯಾಬ್ ಹಿಡಿದು ಕೂತು, ಬರೆದದ್ದನ್ನು ಅಳಿಸುತ್ತಿದ್ದರು.

“ಆಯ್ತಾ ಅತ್ತೆ?”

“ಎಲ್ಲಿ ಆಗುತ್ತೆ! ಮೂರು ಸಲ ಬರೆದೆ, ಮೂರು ಸಲವೂ ಅವನು ಅಲ್ಲ ಅಂದ.” ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. “ಅವನಮ್ಮ ಆಂಬುಲೆನ್ಸಿಗೆ ಕರೆ ಮಾಡಿದಾಗ ಯಾರೂ ಎತ್ತಲಿಲ್ವಂತೆ. ಎಲ್ಲಾ ಲೈನೂ ಬಿಜಿ ಇತ್ತಂತೆ. ಅದನ್ನ ಈಗ ಹೇಳಿದಾನೆ.”

ಆಮೇಲೆ ನನ್ನ ಕಡೆ ತಿರುಗದೆಯೇ, “ದೀಪ ಹಾಕಿ ಹೋಗು, ಅಕ್ಷರ ಕಾಣ್ತಿಲ್ಲ” ಎಂದು ಮತ್ತೆ ಮೊದಲಿನಿಂದ ಬರೆಯಲು ಕೂತರು.