ಅರ್ಧ ಫೈಲಿನ ಕೊಳಲು
ಇಡೀ ಹಾಡನ್ನು ಚಿಟಿಕೆಯಷ್ಟು ಫೈಲಿನಲ್ಲಿ ತುರುಕುವುದೇ ಕಸುಬಾದ್ದರಿಂದ ಅವನಿಗೆ ಚಿಟಿಕೆ ಎಂದೇ ಹೆಸರು. ಕಂಪ್ಯೂಟರ್ ಗೀಳಿನವರು ಪುಟಾಣಿ ಪ್ರೋಗ್ರಾಮಿನಲ್ಲಿ ಬಣ್ಣ, ಆಕಾರ ಕುಣಿಸಿ ಪೈಪೋಟಿಗಿಳಿಯುವ ಡೆಮೊಗಳಿಗೆ ಹರೆಯದಲ್ಲಿ ಸಂಗೀತ ಕೂಡಿಸುತ್ತಿದ್ದ. ಈಗ ಮಾತಾಡುವ ಗೊಂಬೆಗಳಿಗೆ, ಲಿಫ್ಟುಗಳಿಗೆ ಕೂಡಿಸುತ್ತಾನೆ. ಜಿಪುಣತನ ಮೈಗೇ ಹತ್ತಿಬಿಟ್ಟಿದೆ. ಮನೆಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ, ಫೋನಿನಲ್ಲಿ "ಹೂಂ", "ಆಯ್ತು", "ಇಡ್ಲಾ?" ಇಷ್ಟೇ. ಬಾಗಿಲು ಕಿರ್ರೆಂದರೆ ಅದೇ ಅವನ ಪಿಟೀಲು, ಡಬ್ಬಿ ಬಿದ್ದರೆ ಅದೇ ಡೋಲು. ಆದರೆ ಅವನ ಪ್ರತಿ ಹಾಡಿನಲ್ಲೂ ಕೊಳಲಿನಂಥ ಒಂದು ದನಿ ಅರ್ಧ ಫೈಲು ನುಂಗಿ ಕೂತಿರುತ್ತದೆ. "ಅದನ್ನ ಕಿತ್ತಾಕಿ ಸಾರ್, ಜಾಗ ಸಾಲ್ತಿಲ್ಲ" ಎಂದು ಗೊಂಬೆ ಕಂಪನಿಯವರು ಗೋಗರೆದರೆ, "ಬೇರೆ ಏನು ಬೇಕಾದ್ರೂ ಕೀಳಿ" ಎನ್ನುತ್ತಾನೆ. ಅದು ತೀರಿಕೊಂಡ ಅಕ್ಕನ ದನಿ. ಹಿಂದೊಮ್ಮೆ ಅವಳು ಅಡುಗೆಮನೆಯಿಂದ ಕೂಗಿದ್ದು ಮೈಕಿಗೆ ಸಿಕ್ಕಿಬಿದ್ದಿತ್ತು. ಅದನ್ನೇ ಹತ್ತಾರು ಪಟ್ಟು ವೇಗವಾಗಿ ಓಡಿಸಿ ಕೊಳಲು ಮಾಡಿಕೊಂಡಿದ್ದಾನೆ. ಹೊಟ್ಟೆ ಚುರುಗುಟ್ಟಿದಾಗ ಆ ಕೊಳಲಿನ ಓಟ ತಗ್ಗಿಸುತ್ತಾನೆ, ಒಳಗಿಂದ ಅಕ್ಕ ಬರುತ್ತಾಳೆ: "ಎಷ್ಟು ಸಲ ಕೂಗ್ಬೇಕೋ ನಿನ್ನ, ಊಟ ತಣ್ಣಗಾಗ್ತಿದೆ ಬಾರೋ!" ಅವಳಿದ್ದಾಗ "ಇದೊಂದು ಮುಗಿಸಿ ಬಂದೆ ಕಣೇ" ಎಂದು ದಿನವೂ ಸತಾಯಿಸುತ್ತಿದ್ದವನು ಈಗ ಮೊದಲ ಕೂಗಿಗೇ ಎದ್ದು ಕೈ ತೊಳೆಯುತ್ತಾನೆ.